ವರದಿ ನಾರ್ಮಲ್, ಹೊಟ್ಟೆ ಮಾತ್ರ ಸರಿಯಿಲ್ಲ: ಹೊಟ್ಟೆಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿಕೊಳ್ಳುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಕಡೆ ವರ್ಷಗಳಿಂದ ಹೊಟ್ಟೆಯ ತೊಂದರೆ ಅನುಭವಿಸುತ್ತಿರುವವರ ಮನೆಗಳಲ್ಲಿ ಸಾಮಾನ್ಯವಾಗಿ ವರದಿಗಳ ಒಂದು ಚೀಲ ಇರುತ್ತದೆ. ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಮಲಪರೀಕ್ಷೆ, ಕೆಲವೊಮ್ಮೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿ ಮಾಡಿಸಿಕೊಂಡು ಬಂದ ಕೊಲೊನೋಸ್ಕೋಪಿ, ಎಲ್ಲದರ ಕೆಳಗೂ ‘ನಾರ್ಮಲ್’ ಎಂದೇ ಬರೆದಿರುತ್ತದೆ. ಆದರೂ ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರಿಸುತ್ತದೆ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ, ಕೆಲಸಕ್ಕೆ ಹೊರಡುವ ಗಳಿಗೆಯಲ್ಲಿ ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಇಲ್ಲವೇ ಮೂರು ದಿನವಾದರೂ ಹೊಟ್ಟೆ ಸಡಿಲವಾಗುವುದಿಲ್ಲ. “ಎಲ್ಲ ನಾರ್ಮಲ್ ಅಂದಿದ್ದಾರಲ್ಲ, ಇನ್ನೇನು ಯೋಚನೆ” ಎಂದು ಮನೆಯವರು ಹೇಳಿದಾಗ, ನೋವಿನ ಜೊತೆಗೆ ಅದನ್ನು ಯಾರೂ ನಂಬುತ್ತಿಲ್ಲವೆಂಬ ಬೇಸರವೂ ಸೇರಿಕೊಳ್ಳುತ್ತದೆ.

ಈ ಮಾರ್ಗದರ್ಶಿ ಅಂಥವರಿಗಾಗಿ ಮತ್ತು ಅವರ ಜೊತೆ ಬದುಕುವವರಿಗಾಗಿ. ಇಲ್ಲಿ ಹೇಳುವ ಕ್ರಮದ ಹಿಂದೆ ಒಂದು ನಿಲುವಿದೆ. ಹೊಟ್ಟೆ ಪೂರ್ತಿ ಸುಮ್ಮನಾದ ಮೇಲೆ ಬದುಕನ್ನು ಶುರುಮಾಡುತ್ತೇನೆ ಎಂದು ಕಾಯುವವರಿಗಿಂತ, ಬಿಟ್ಟುಹೋದ ಓಡಾಟ, ಊಟ, ನೆಂಟಸ್ತಿಕೆಗಳನ್ನು ಒಂದೊಂದಾಗಿ ಮರಳಿ ಹಿಡಿಯುವವರು ಬೇಗ ಚೇತರಿಸಿಕೊಳ್ಳುತ್ತಾರೆ, ಮತ್ತು ಹಲವು ಸಲ ಅವರ ಹೊಟ್ಟೆಯೂ ಅವರ ಹಿಂದೆಯೇ ಬರುತ್ತದೆ.

ಇದು ಯಾವ ಬಗೆಯ ಕಾಯಿಲೆ

ಹುಣ್ಣು, ಗೆಡ್ಡೆ, ಉರಿಯೂತ ಯಾವುದೂ ಕಾಣಿಸದಿದ್ದರೂ ಜೀರ್ಣಾಂಗ ಕೆಲಸ ಮಾಡುವ ರೀತಿಯಲ್ಲೇ ಏರುಪೇರಾಗಿರುವ ತೊಂದರೆಗಳನ್ನು ಕ್ರಿಯಾತ್ಮಕ ಜೀರ್ಣಾಂಗ ತೊಂದರೆಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚು ಪರಿಚಿತವಾದವು ಎರಡು: ಕರುಳಿಗೆ ಸಂಬಂಧಿಸಿದ ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್, ಮತ್ತು ಜಠರಕ್ಕೆ ಸಂಬಂಧಿಸಿದ ಫಂಕ್ಷನಲ್ ಡಿಸ್ಪೆಪ್ಸಿಯಾ, ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿನಡಿ ಬರುವ ತೊಂದರೆಗಳಲ್ಲಿ ಬಹುಪಾಲು. ಜೀರ್ಣಾಂಗ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ರೂಪಿಸಿ 2016ರಲ್ಲಿ ಪ್ರಕಟಿಸಿದ ನಾಲ್ಕನೆಯ ರೋಮ್ ಮಾನದಂಡಗಳ ಪ್ರಕಾರ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ 1 ದಿನವಾದರೂ ಹೊಟ್ಟೆನೋವಿದ್ದು, ಆ ನೋವು ಮಲವಿಸರ್ಜನೆಯೊಂದಿಗೆ, ಅದರ ಸಂಖ್ಯೆಯ ಬದಲಾವಣೆಯೊಂದಿಗೆ ಅಥವಾ ಮಲದ ಸ್ವರೂಪದ ಬದಲಾವಣೆಯೊಂದಿಗೆ, ಈ ಮೂರರಲ್ಲಿ ಎರಡರೊಂದಿಗಾದರೂ ನಂಟು ಹೊಂದಿದ್ದು, ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿದ್ದರೆ ಅದು ಐಬಿಎಸ್. ಅಂದರೆ ಇದು ‘ಏನೂ ಸಿಗಲಿಲ್ಲ’ ಎಂದಾಗ ಕೈಚೆಲ್ಲಿ ಇಡುವ ಹೆಸರಲ್ಲ. ಲಕ್ಷಣಗಳನ್ನು ಕೇಳಿ, ಅಳೆದು ಮಾಡುವ ರೋಗನಿರ್ಣಯ. ಅದೇ ಮಾನದಂಡಗಳು ಈ ಗುಂಪಿನ ಕಾಯಿಲೆಗಳನ್ನು ಕರುಳು ಮತ್ತು ಮಿದುಳಿನ ನಡುವಿನ ವ್ಯವಹಾರದ ತೊಂದರೆಗಳೆಂದು ಹೊಸದಾಗಿ ಕರೆದವು.

ಆ ವ್ಯವಹಾರ ಬರಿಯ ಮಾತಿನ ಅಲಂಕಾರವಲ್ಲ. ಕರುಳಿನ ಗೋಡೆಯೊಳಗೆ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ದೇಹದಲ್ಲಿ ನರಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ತಯಾರಾಗುವುದು ಜೀರ್ಣಾಂಗದಲ್ಲೇ. ಕರುಳಿನಿಂದ ಮಿದುಳಿನವರೆಗೆ ಹೋಗುವ ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಐಬಿಎಸ್ ಇರುವ ಅನೇಕರ ಕರುಳಿನೊಳಗೆ ಪರೀಕ್ಷೆಗಾಗಿ ಸಣ್ಣ ಬಲೂನನ್ನು ಉಬ್ಬಿಸಿ ನೋಡಿದಾಗ, ಉಳಿದವರಿಗೆ ಏನೂ ಅನ್ನಿಸದಷ್ಟು ಗಾತ್ರಕ್ಕೇ ಅವರಿಗೆ ನೋವಾಗುತ್ತದೆ. ನರಗಳ ಸೂಕ್ಷ್ಮತೆ ಹೀಗೆ ಏರಿರುವಾಗ, ಎಲ್ಲರ ಹೊಟ್ಟೆಯಲ್ಲೂ ಇರುವಷ್ಟೇ ಗಾಳಿ ಇವರಿಗೆ ಸಂಕಟವಾಗಿ ಮುಟ್ಟುತ್ತದೆ. ನೋವು ನಿಜ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿರುವುದೂ ನಿಜ. ಭೇದಿ, ವಾಂತಿಯ ಸೋಂಕು ವಾಸಿಯಾದ ಮೇಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿದುಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ, “ಆ ಜಾತ್ರೆಯಲ್ಲಿ ಉಂಡ ಮೇಲೆ ಶುರುವಾಗಿದ್ದು, ಇನ್ನೂ ಬಿಟ್ಟಿಲ್ಲ” ಎನ್ನುವವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಮನಸ್ಸಿನ ಪಾಲೆಷ್ಟು ಎಂಬ ಪ್ರಶ್ನೆಗೆ ಎರಡೂ ದಿಕ್ಕಿನ ಉತ್ತರವಿದೆ. ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನು ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ, ಮೊದಲು ಆತಂಕವಿದ್ದವರಲ್ಲಿ ಹೊಸದಾಗಿ ಹೊಟ್ಟೆಯ ತೊಂದರೆ ಹೆಚ್ಚಾಗಿ ಕಾಣಿಸಿತು; ಮೊದಲು ಹೊಟ್ಟೆಯ ತೊಂದರೆಯಷ್ಟೇ ಇದ್ದವರಲ್ಲಿ ಆತಂಕ ಮತ್ತು ಖಿನ್ನತೆ ಮುಂದೆ ಹೆಚ್ಚಾದವು. ಐಬಿಎಸ್ ಇರುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆತಂಕದ ಲಕ್ಷಣಗಳಿರುತ್ತವೆ. ಹಾಗಾಗಿ ‘ಇದು ಹೊಟ್ಟೆಯದೋ ಮನಸ್ಸಿನದೋ’ ಎಂದು ಮನೆಯಲ್ಲಿ ನಡೆಯುವ ವಾದಕ್ಕೆ ತೀರ್ಪು ಬೇಕಾಗಿಲ್ಲ. ಎರಡಕ್ಕೂ ಒಟ್ಟಿಗೆ ಆರೈಕೆ ಬೇಕು.

ಪರೀಕ್ಷೆಗೊಂದು ಕೊನೆ

ಮೊದಲ ಕೆಲಸ, ಬೇರೆ ಕಾಯಿಲೆ ಇಲ್ಲವೆಂದು ಒಮ್ಮೆ ಸರಿಯಾಗಿ ಖಚಿತಪಡಿಸಿಕೊಳ್ಳುವುದು. ಪ್ರಯತ್ನಿಸದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ನಿಲ್ಲದ ವಾಂತಿ, ನುಂಗಲು ಕಷ್ಟ, 50 ವಯಸ್ಸಿನ ಆಸುಪಾಸಿನಲ್ಲಿ ಅಥವಾ ಆಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಅಥವಾ ಕರುಳಿನ ಉರಿಯೂತ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ಈ ಬರಹವನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಬೇಕು. ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸಿಕೊಳ್ಳಲು ಹೋಗುವುದಕ್ಕೆ ಮುಂಚೆಯಂತೂ ಖಂಡಿತ ಹೋಗಬೇಕು. ತಿಕ್ಕಿಸಿಕೊಂಡ ನೆಮ್ಮದಿಯಲ್ಲಿ ಅಪೆಂಡಿಕ್ಸಿನ ನೋವು ಮುಚ್ಚಿಹೋದರೆ ಪ್ರಾಣಕ್ಕೇ ಅಪಾಯ.

ಇವು ಯಾವುವೂ ಇಲ್ಲದಿದ್ದರೆ ಬೇಕಾಗುವ ಪರೀಕ್ಷೆಗಳು ಬೆರಳೆಣಿಕೆಯಷ್ಟು. ರಕ್ತದ ಸಾಮಾನ್ಯ ಪರೀಕ್ಷೆ, ಉರಿಯೂತದ ಸೂಚಕ, ಅಗತ್ಯಬಿದ್ದರೆ ಥೈರಾಯ್ಡ್, ಗೋಧಿಯ ಅಂಟಿಗೆ ಸಂಬಂಧಿಸಿದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ, ಭೇದಿ ಇರುವವರಿಗೆ ಕರುಳಿನ ಉರಿಯೂತ ಪತ್ತೆಮಾಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್. ಅವು ಮುಗಿದ ಮೇಲೆ ವೈದ್ಯರನ್ನು ನೇರವಾಗಿ ಹೀಗೆ ಕೇಳಿ: “ನನ್ನ ಕಾಯಿಲೆಗೆ ಹೆಸರೇನು? ಇನ್ನು ಯಾವ ಲಕ್ಷಣ ಬಂದರೆ ಮಾತ್ರ ಮತ್ತೆ ಪರೀಕ್ಷೆ ಮಾಡಿಸಬೇಕು?” ಈ ಎರಡು ಪ್ರಶ್ನೆಗಳ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಪ್ರತಿ ಸಲ ಹೊಟ್ಟೆ ಕೆರಳಿದಾಗ ಹೊಸ ವೈದ್ಯರು, ಹೊಸ ಎಂಡೋಸ್ಕೋಪಿ ಎಂದು ಓಡಿದರೆ ಸಿಗುವ ಸಮಾಧಾನ ಒಂದೆರಡು ವಾರಕ್ಕೆ ಕರಗುತ್ತದೆ, ಮತ್ತೆ ಅದೇ ಅನುಮಾನ ತಲೆಯೆತ್ತುತ್ತದೆ. ಊರಿನಲ್ಲಿ ಆಸ್ಪತ್ರೆಗಳು ಹೆಚ್ಚಿರುವುದೇ ಕೆಲವರಿಗೆ ಇಲ್ಲಿ ತೊಡಕಾಗಿದೆ ಎಂದರೆ ತಪ್ಪಾಗಲಾರದು. ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ. ಹೊಟ್ಟೆ ಹೇಗಿದ್ದರೂ ಆರು ಅಥವಾ ಎಂಟು ವಾರಕ್ಕೊಮ್ಮೆ ಅವರನ್ನೇ ಕಾಣಿ.

ಎರಡು ವಾರದ ಲೆಕ್ಕ

ಚಿಕಿತ್ಸೆ ಶುರುಮಾಡುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೆಚ್ಚಿನವರು ತಿಂದದ್ದನ್ನು ಮಾತ್ರ ಬರೆಯುತ್ತಾರೆ, ಆಮೇಲೆ ಪ್ರತಿಯೊಂದು ಪದಾರ್ಥವೂ ಅಪರಾಧಿಯಂತೆ ಕಾಣತೊಡಗುತ್ತದೆ. ಎಷ್ಟು ಹೊತ್ತಿಗೆ ತಿಂದಿರಿ, ಹಿಂದಿನ ರಾತ್ರಿ ಎಷ್ಟು ನಿದ್ದೆ ಬಂತು, ಹೊಟ್ಟೆ ಕೆರಳುವ ಮುಂಚಿನ ಗಂಟೆಯಲ್ಲಿ ಏನು ನಡೆಯಿತು, ಮಹಿಳೆಯರಾದರೆ ಮುಟ್ಟಿನ ಎಷ್ಟನೆಯ ದಿನ, ಇವೂ ಅಷ್ಟೇ ಮುಖ್ಯ. ಮುಟ್ಟಿನ ದಿನಗಳಲ್ಲಿ ಐಬಿಎಸ್ ಲಕ್ಷಣಗಳು ಏರುವುದು ಸಾಮಾನ್ಯ. ಅದು ಗೊತ್ತಾದರೆ ಆ ದಿನ ತಿಂದ ಹಾಗಲಕಾಯಿಯ ಮೇಲೆ ತಪ್ಪು ಹೊರಿಸುವುದು ತಪ್ಪುತ್ತದೆ. ಮಲದ ಸ್ವರೂಪಕ್ಕೆ ವೈದ್ಯರು ಬಳಸುವ ಬ್ರಿಸ್ಟಲ್ ಪಟ್ಟಿಯಲ್ಲಿ 1ರಿಂದ 7ರವರೆಗೆ ಸಂಖ್ಯೆಗಳಿವೆ: 1 ಎಂದರೆ ಆಡಿನ ಹಿಕ್ಕೆಯಂತೆ ಗಟ್ಟಿ, 7 ಎಂದರೆ ಪೂರ್ತಿ ನೀರು. ಸಂಖ್ಯೆಯೊಂದನ್ನು ಬರೆದರೆ ಸಾಕು, ವರ್ಣನೆಯ ಮುಜುಗರವಿರುವುದಿಲ್ಲ.

ಕೊನೆಯ ಅಂಕಣ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಟ್ಟೆಯ ಭಯದಿಂದ ಆ ದಿನ ಏನನ್ನು ಮಾಡದೆ ಬಿಟ್ಟಿರಿ ಎಂಬುದನ್ನು ಅಲ್ಲಿ ಬರೆಯಿರಿ. ಮದುವೆಗೆ ಹೋದರೂ ಊಟಕ್ಕೆ ಕೂರಲಿಲ್ಲ. ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದೆ. ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಬಾಗಿಲ ಬಳಿಯೇ ನಿಂತಿದ್ದೆ. ಬೆಂಗಳೂರಿನ ಸಂದರ್ಶನಕ್ಕೆ ಹೋಗಲಿಲ್ಲ. ಐಬಿಎಸ್ ಇರುವವರ ಜೀವನದ ಗುಣಮಟ್ಟವನ್ನು ಅಳೆಯಲು ಸಂಶೋಧಕರು 34 ಪ್ರಶ್ನೆಗಳ ಒಂದು ಪಟ್ಟಿಯನ್ನು ಬಳಸುತ್ತಾರೆ. ಅದರಲ್ಲಿ ಬಹಳಷ್ಟು ಪ್ರಶ್ನೆಗಳು ನೋವಿನ ತೀವ್ರತೆಯನ್ನು ಕೇಳದೆ, ದೇಹದ ಬಗ್ಗೆ ನಾಚಿಕೆ, ಊಟದಿಂದ ದೂರ ಸರಿಯುವುದು, ಕೆಲಸಕ್ಕೆ ಅಡ್ಡಿ, ಜನರೊಡನೆ ಬೆರೆಯಲಾಗದಿರುವುದು, ದಾಂಪತ್ಯ ಇಂಥ ವಿಷಯಗಳನ್ನು ಕೇಳುತ್ತವೆ. ನಿಮ್ಮ ಕೊನೆಯ ಅಂಕಣ ಮಾಡುವ ಕೆಲಸವೂ ಅದೇ. ಎರಡು ವಾರ ಕಳೆದ ಮೇಲೆ ಪುಸ್ತಕ ಮುಚ್ಚಿಡಿ. ತಿಂಗಳುಗಟ್ಟಲೆ ಬರೆಯುತ್ತ ಹೋದರೆ ಗಮನವೆಲ್ಲ ಹೊಟ್ಟೆಯ ಮೇಲೆಯೇ ನಿಂತು, ಸಣ್ಣ ಗುಡುಗುಡು ಶಬ್ದವೂ ಸುದ್ದಿಯಾಗುತ್ತದೆ.

ಬಿಟ್ಟದ್ದನ್ನು ಮರಳಿ ಹಿಡಿಯುವುದು

ಈಗ ಆ ಅಂಕಣವನ್ನು ಎದುರಿಗಿಟ್ಟುಕೊಂಡು, ಬಿಟ್ಟುಹೋದ ಕೆಲಸಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ. ಹೊಳಲ್ಕೆರೆಯಲ್ಲಿದ್ದುಕೊಂಡು ಚಿತ್ರದುರ್ಗದ ಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗಬೇಕಾದ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳೋಣ. ಒಮ್ಮೆ ಬಸ್ಸಿನಲ್ಲಿ ತಡೆಯಲಾರದಂಥ ಸ್ಥಿತಿ ಬಂದಿತ್ತು. ಅಂದಿನಿಂದ ಅವರು ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಾರೆ, ಹೊರಡುವ ಮುಂಚೆ ಭೇದಿ ನಿಲ್ಲಿಸುವ ಮಾತ್ರೆ ನುಂಗುತ್ತಾರೆ, ಬಾಗಿಲ ಪಕ್ಕದ ಸೀಟೇ ಬೇಕೆಂದು ಎರಡು ಬಸ್ಸು ಬಿಡುತ್ತಾರೆ, ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆಯೆಂದು ಲೆಕ್ಕ ಹಾಕುತ್ತಿರುತ್ತಾರೆ, ಶನಿವಾರ ಯಜಮಾನರ ಬೈಕಿನಲ್ಲೇ ಹೋಗುತ್ತಾರೆ. ಈ ಪ್ರತಿಯೊಂದು ಮುನ್ನೆಚ್ಚರಿಕೆಯೂ ಆ ಗಳಿಗೆಗೆ ಧೈರ್ಯ ಕೊಡುತ್ತದೆ, ಆದರೆ ‘ಇವೆಲ್ಲ ಇದ್ದುದರಿಂದ ಇಂದು ಬಚಾವಾದೆ’ ಎಂಬ ಪಾಠವನ್ನೇ ಮಿದುಳು ಕಲಿಯುತ್ತದೆ. ಆತಂಕ ಬಂದಾಗ ದೊಡ್ಡ ಕರುಳಿನ ಚಲನೆ ನಿಜವಾಗಿಯೂ ಹೆಚ್ಚುವುದರಿಂದ, ಭಯವೇ ಮುಂದಿನ ಅವಸರವನ್ನು ತಂದು ನಿಲ್ಲಿಸುತ್ತದೆ. ಇಲ್ಲಿ ಬಿಡಿಸಬೇಕಾದ ಗಂಟು ಇದೇ, ಮತ್ತು ಯಾವ ಗ್ಯಾಸ್ಟ್ರಿಕ್ ಮಾತ್ರೆಯೂ ಇದನ್ನು ಬಿಡಿಸುವುದಿಲ್ಲ.

ಬಿಡಿಸುವ ದಾರಿ ನಿಧಾನದ್ದು. ಮೊದಲ ವಾರ ರಜೆಯ ದಿನ, ಕೆಲಸದ ಒತ್ತಡವಿಲ್ಲದ ಹೊತ್ತಿನಲ್ಲಿ, ಎರಡು ಇಡ್ಲಿ ತಿಂದು ಒಂದು ಸಣ್ಣ ಪ್ರಯಾಣ. ಹೊರಡುವ ಮುಂಚೆ ಚೀಟಿಯಲ್ಲಿ ಎರಡು ಸಾಲು ಬರೆಯಬೇಕು: ಏನಾಗುತ್ತದೆಂದು ಹೆದರಿದ್ದೇನೆ, ಅದು ಆಗುವ ಸಾಧ್ಯತೆ ನೂರಕ್ಕೆ ಎಷ್ಟೆಂದು ನನಗನ್ನಿಸುತ್ತದೆ. ಮರಳಿ ಬಂದ ಮೇಲೆ ನಿಜವಾಗಿ ಏನಾಯಿತೆಂದು ಮೂರನೆಯ ಸಾಲು. ಅದೇ ಪ್ರಯಾಣವನ್ನು ಭಯ ಅರ್ಧಕ್ಕೆ ಇಳಿಯುವವರೆಗೆ ಮತ್ತೆ ಮತ್ತೆ ಮಾಡಿದ ಮೇಲೆ, ಒಂದೇ ಒಂದು ಮುನ್ನೆಚ್ಚರಿಕೆಯನ್ನು ಬಿಡಬೇಕು: ಈ ವಾರ ಬಾಗಿಲ ಪಕ್ಕದ ಸೀಟು, ಮುಂದಿನ ವಾರ ಮಾತ್ರೆ. ದಾವಣಗೆರೆಯವರಾದರೆ ಸಿಟಿ ಬಸ್ಸಿನಲ್ಲಿ ನಾಲ್ಕು ನಿಲ್ದಾಣ, ಆಮೇಲೆ ಹರಿಹರ, ಆಮೇಲೆ ಸುಮಾರು 60 ಕಿಲೋಮೀಟರು ದೂರದ ಚಿತ್ರದುರ್ಗ, ಕೊನೆಗೆ ಬೆಂಗಳೂರು ಎಂದು ಮೆಟ್ಟಿಲು ಕಟ್ಟಿಕೊಳ್ಳಬಹುದು. ಬೆಂಗಳೂರಿಗೆ ಮೊದಲ ಸಲ ರೈಲೇ ಒಳ್ಳೆಯದು, ಅದರಲ್ಲಿ ಶೌಚಾಲಯವಿದೆ. ಅದನ್ನು ಸೋಲು ಎಂದುಕೊಳ್ಳಬೇಕಾಗಿಲ್ಲ, ಬಸ್ಸು ಮುಂದಿನ ಮೆಟ್ಟಿಲು.

ಊಟದ ವಿಷಯಕ್ಕೂ ಇದೇ ಕ್ರಮ ಹೊಂದುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತು ಅನ್ನ, ತಿಳಿಸಾರು, ಮಜ್ಜಿಗೆಯಷ್ಟನ್ನೇ ಉಂಡು ಏಳುವುದು ಮೊದಲ ಮೆಟ್ಟಿಲಾಗಬಹುದು. ಬಡಿಸುವವರ ಒತ್ತಾಯಕ್ಕೆ “ಸಾಕು, ಆಯ್ತು” ಎನ್ನುವುದನ್ನು ಮುಂಚಿತವಾಗಿಯೇ ಅಭ್ಯಾಸ ಮಾಡಿಕೊಂಡು ಹೋಗಿ. ನಮ್ಮ ಕಡೆಯ ಉಪಚಾರವನ್ನು ಬಲ್ಲವರಿಗೆ ಇದು ಬಸ್ಸಿಗಿಂತ ಕಠಿಣವೆಂದು ಗೊತ್ತಿದೆ.

ಇಂಥ ಅಭ್ಯಾಸಗಳನ್ನು ಆಪ್ತಸಮಾಲೋಚಕರ ಜೊತೆ ಮಾಡುವುದಕ್ಕೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದು ಹೆಸರು. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಫೋನ್ ಮೂಲಕ ಮತ್ತು ಅಂತರ್ಜಾಲದ ಮೂಲಕ ಕೊಟ್ಟ ಈ ಚಿಕಿತ್ಸೆಯೂ ಐಬಿಎಸ್ ಲಕ್ಷಣಗಳನ್ನು ತಗ್ಗಿಸಿತು. ಊರಿನಲ್ಲಿ ಈ ಬಗೆಯ ತರಬೇತಿ ಪಡೆದವರು ಸಿಗದಿದ್ದರೆ ಫೋನಿನಲ್ಲಾದರೂ ಕೇಳಿ ಪಡೆಯುವುದು ವ್ಯರ್ಥವಲ್ಲ ಎಂಬುದಕ್ಕೆ ಇದು ಆಧಾರ.

ಉಸಿರು, ನಡಿಗೆ, ನಿದ್ದೆ

ಬೆನ್ನಿನ ಮೇಲೆ ಮಲಗಿ, ಮಂಡಿ ಮಡಚಿ, ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಕ್ಕುಳಿನ ಮೇಲೂ ಇಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದುಕೊಳ್ಳುವಾಗ ಕೆಳಗಿನ ಕೈ ಮಾತ್ರ ಮೇಲೇಳಬೇಕು. ಆರು ಎಣಿಸುತ್ತ ನಿಧಾನವಾಗಿ ಬಿಡಬೇಕು. ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಕೂತು ಮಾಡಲು ರೂಢಿಯಾದ ಮೇಲೆ ಊಟವಾದ ತಕ್ಷಣವೂ ಮಾಡಬಹುದು. ಉಂಡ ಮೇಲೆ ತೇಗು, ಉಬ್ಬರ ಹೆಚ್ಚಿರುವವರಿಗೆ ಆ ಹೊತ್ತಿನ ಉಸಿರಾಟ ವಿಶೇಷವಾಗಿ ಒದಗುತ್ತದೆ. ಸಂಕಟ ಬಂದಾಗ ಮಾತ್ರ ಮಾಡುತ್ತೇನೆಂದರೆ ಉಪಯೋಗ ಕಡಿಮೆ. ಸುಮ್ಮನಿರುವ ದಿನಗಳಲ್ಲಿ ಕಲಿತದ್ದು ಕೆರಳಿದ ದಿನ ಕೈಗೆ ಬರುತ್ತದೆ.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ವೀಡನ್ನಿನ ಒಂದು ಪ್ರಯೋಗದಲ್ಲಿ ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ ಸ್ವಲ್ಪ ಬೆವರುವಷ್ಟು ವ್ಯಾಯಾಮ ಮಾಡಿದ ಐಬಿಎಸ್ ರೋಗಿಗಳ ಲಕ್ಷಣಗಳು ಕಡಿಮೆಯಾದವು. ದಾವಣಗೆರೆಯ ಕುಂದವಾಡ ಕೆರೆಯ ದಂಡೆಯೋ ಚಿತ್ರದುರ್ಗದ ಚಂದ್ರವಳ್ಳಿಯ ದಾರಿಯೋ ಇದಕ್ಕೆ ಸಾಕು. ಶೌಚಾಲಯ ದೂರವಾಗುವುದೆಂಬ ಭಯವಿದ್ದರೆ ಆ ನಡಿಗೆಯನ್ನೇ ಮೇಲಿನ ಮೆಟ್ಟಿಲುಗಳಲ್ಲಿ ಒಂದಾಗಿ ಸೇರಿಸಿಕೊಳ್ಳಿ. ನಿದ್ದೆಗೆ ಒಂದೇ ಸೂಚನೆ: ಮಲಗುವ ಹೊತ್ತು ಬದಲಾದರೂ ಏಳುವ ಹೊತ್ತು ಬದಲಾಗಬಾರದು.

ತಟ್ಟೆಯ ಮೇಲೆ ಯುದ್ಧ ಬೇಡ

ಹೊಟ್ಟೆಯ ತೊಂದರೆಯವರಿಗೆ ಸಲಹೆ ಕೊಡದ ನೆಂಟರಿಲ್ಲ. ಒಬ್ಬರು ಹಾಲು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಬೇಳೆ, ಮತ್ತೊಬ್ಬರು ಖಾರ; ಎಲ್ಲರ ಮಾತು ಕೇಳಿದವರ ತಟ್ಟೆಯಲ್ಲಿ ಕೊನೆಗೆ ಗಂಜಿ ಮಾತ್ರ ಉಳಿದು, ತೂಕ ಇಳಿದು, ಆ ಇಳಿದ ತೂಕವೇ ಹೊಸ ಭಯವಾಗುತ್ತದೆ. ತಿನ್ನುವ ಭಯ ಈ ಕಾಯಿಲೆಯ ಒಂದು ಭಾಗವೇ ಆಗಿಬಿಡಬಹುದು. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಎರಡು ವಾರದ ಗಡುವು, ಗುಣ ಕಾಣದಿದ್ದರೆ ಆ ಪದಾರ್ಥ ಮರಳಿ ತಟ್ಟೆಗೆ.

ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೋ ಫಾಡ್‌ಮ್ಯಾಪ್ ಆಹಾರಕ್ರಮ ಐಬಿಎಸ್‌ಗೆ ಉಪಯುಕ್ತವೆಂದು ಪ್ರಯೋಗಗಳಲ್ಲಿ ಕಂಡಿದೆ. ಕರುಳಿನಲ್ಲಿ ಹುಳಿತು ಗಾಳಿಯಾಗುವ ಕೆಲವು ಸಕ್ಕರೆಗಳಿರುವ ಪದಾರ್ಥಗಳನ್ನು 2ರಿಂದ 6 ವಾರ ಕಡಿಮೆಮಾಡಿ, ಆಮೇಲೆ ಒಂದೊಂದನ್ನಾಗಿ ಮರಳಿ ತಂದು ನೋಡುವುದು ಅದರ ಕ್ರಮ. ಎರಡನೆಯ ಹಂತವನ್ನು ಮರೆತು ಜೀವಮಾನವಿಡೀ ಪಥ್ಯ ಮಾಡುವವರೇ ಹೆಚ್ಚು. ಖಿನ್ನತೆ ಇರುವವರು, ತೂಕ ಇಳಿದವರು, ಊಟದ ಬಗ್ಗೆ ಈಗಾಗಲೇ ಭಯವಿರುವವರು ಈ ಕ್ರಮಕ್ಕೆ ತಾವಾಗಿಯೇ ಕೈಹಾಕಬಾರದು.

ನಮ್ಮ ಅಡುಗೆಯಲ್ಲಿ ಮೊದಲು ಗಮನಿಸಬೇಕಾದದ್ದು ಈರುಳ್ಳಿ, ಬೆಳ್ಳುಳ್ಳಿ. ಈರುಳ್ಳಿ ಬೆಳೆಯುವ ಚಿತ್ರದುರ್ಗ ಜಿಲ್ಲೆಯಲ್ಲಿ ಕೂತು ಈ ಮಾತು ಹೇಳುವುದು ಸ್ವಲ್ಪ ಮುಜುಗರದ್ದೇ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಸಾರಿನಲ್ಲಿ ಕುದಿಸಿದ ಈರುಳ್ಳಿಯನ್ನು ಆರಿಸಿ ತೆಗೆದಿಟ್ಟರೆ ಪ್ರಯೋಜನವಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳನ್ನು ಹುರಿದು, ನೀರು ಸೇರುವ ಮುಂಚೆಯೇ ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಉಬ್ಬರ ಬರುವುದಿಲ್ಲ. ಅಲಸಂದೆ, ಹುರುಳಿ, ಕಡಲೆಗಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಗಾಳಿ ಕಡಿಮೆ. ಅನ್ನ, ಜೋಳದ ರೊಟ್ಟಿ ಬಹುತೇಕರಿಗೆ ಒಗ್ಗುತ್ತವೆ. ಮಂಡಕ್ಕಿಯೂ ಅಕ್ಕಿಯದೇ, ಮಂಡಕ್ಕಿ, ಮೆಣಸಿನಕಾಯಿ ತಿಂದು ಒದ್ದಾಡುವವರಿಗೆ ತೊಂದರೆ ಕೊಡುವುದು ಮೇಲೆ ಉದುರಿಸಿದ ಹಸಿ ಈರುಳ್ಳಿ, ಕರಿದ ಎಣ್ಣೆ ಮತ್ತು ಖಾರ. ಮೆಣಸಿನಕಾಯಿಯ ಖಾರ ಕರುಳಿನ ನೋವಿನ ನರಗಳನ್ನೇ ನೇರವಾಗಿ ತಟ್ಟುತ್ತದೆ. ಬೆಣ್ಣೆದೋಸೆಯ ಕೊಬ್ಬು ಜಠರ ಖಾಲಿಯಾಗುವುದನ್ನು ತಡಮಾಡುವುದರಿಂದ, ಡಿಸ್ಪೆಪ್ಸಿಯಾ ಇರುವವರು ಮೂರರ ಬದಲು ಒಂದನ್ನು, ಅವಸರವಿಲ್ಲದ ದಿನ ತಿನ್ನಲಿ. ಪೂರ್ತಿ ಬಿಡಬೇಕೆಂದು ಹೇಳುವ ಧೈರ್ಯ ಬೆಣ್ಣೆದೋಸೆಯ ಈ ಸೀಮೆಯಲ್ಲಿದ್ದುಕೊಂಡು ನನಗಿಲ್ಲ, ಅದರ ಅಗತ್ಯವೂ ಇಲ್ಲ.

ಸೋಮವಾರವೋ ಶನಿವಾರವೋ ಒಪ್ಪತ್ತು ಮಾಡುವವರು ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿದು, ರಾತ್ರಿ ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣುವುದುಂಟು. ಸೂಕ್ಷ್ಮ ಜಠರಕ್ಕೆ ಇದಕ್ಕಿಂತ ಕೆಟ್ಟ ಏರ್ಪಾಡಿಲ್ಲ. ಮಧ್ಯೆ ಹಣ್ಣು, ಅವಲಕ್ಕಿಯಂಥ ಫಲಾಹಾರ ಇಟ್ಟುಕೊಳ್ಳಬೇಕು. ಮಲಬದ್ಧತೆ ಇರುವವರು ಗೋಧಿ ಹೊಟ್ಟಿಗಿಂತ ಇಸಬ್ಗೋಲನ್ನು ಆರಿಸಲಿ, ಒಂದು ಟೀ ಚಮಚದಿಂದ ಶುರುಮಾಡಿ, ದೊಡ್ಡ ಲೋಟ ನೀರಿನೊಂದಿಗೆ.

ಮಾತ್ರೆಗಳ ವಿಷಯ

ವೈದ್ಯರು ಹೊಟ್ಟೆನೋವಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಾಗ, ಅಂತರ್ಜಾಲದಲ್ಲಿ ನೋಡಿ ‘ಇದು ಖಿನ್ನತೆಯ ಮಾತ್ರೆ, ನನಗೆ ಹುಚ್ಚೇ?’ ಎಂದು ಎಸೆದವರು ಅನೇಕರು. ಅದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಡುವುದು ಕರುಳಿನಿಂದ ಮಿದುಳಿಗೆ ಹೋಗುವ ನೋವಿನ ಸಂದೇಶವನ್ನು ತಗ್ಗಿಸುವುದಕ್ಕೆ. ಇಂಗ್ಲೆಂಡಿನ ಕುಟುಂಬ ವೈದ್ಯರ ಬಳಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ 30ರವರೆಗೆ ಕೊಟ್ಟಾಗ 6 ತಿಂಗಳಲ್ಲಿ ಐಬಿಎಸ್ ಲಕ್ಷಣಗಳು ಔಷಧಿಯಿಲ್ಲದ ಬರಿಯ ತೋರಿಕೆಯ ಮಾತ್ರೆಗಿಂತ ಚೆನ್ನಾಗಿ ಇಳಿದವು. ಬಾಯಿ ಒಣಗುವುದು, ತೂಕಡಿಕೆ, ಮಲಬದ್ಧತೆ ಬರಬಹುದು. ಹೃದಯದ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಮೂತ್ರ ಕಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಗುಣ ಕಾಣಲು ವಾರಗಳೇ ಬೇಕು, ನಾಲ್ಕು ದಿನಕ್ಕೆ ನಿಲ್ಲಿಸಬಾರದು.

ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಮಾತ್ರೆಗಳ ಬಗ್ಗೆ ಎಚ್ಚರ ಬೇಕು. ಹೊಟ್ಟೆಗೆಂದು ಕೊಡುವ ಕೆಲವು ಮಿಶ್ರಣಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಅದು ಆತಂಕ ತಗ್ಗಿಸುವ, ರೂಢಿಯಾಗಿ ಅಂಟಿಕೊಳ್ಳುವ ಗುಂಪಿನದು. ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಲೆವೊಸಲ್ಪಿರೈಡ್ ಬೆರೆಸಿದ ಕ್ಯಾಪ್ಸೂಲುಗಳೂ ಇವೆ. ಅದನ್ನು ತಿಂಗಳುಗಟ್ಟಲೆ ನುಂಗಿದ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಕೈ ನಡುಕ, ನಡಿಗೆಯ ಬಿಗಿತ ಕಾಣಿಸುತ್ತದೆ, ಮಹಿಳೆಯರಲ್ಲಿ ಮುಟ್ಟು ಏರುಪೇರಾಗಬಹುದು. ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಮ್ಮೆ ವೈದ್ಯರ ಮೇಜಿನ ಮೇಲೆ ಇಟ್ಟು ಯಾವುದು ಏಕೆ ಎಂದು ಕೇಳಿ. ಆದರೆ ಯಾವುದನ್ನೂ ಏಕಾಏಕಿ ನಿಲ್ಲಿಸಬೇಡಿ.

ಮನಸ್ಸೇ ಕುಸಿದಿದ್ದರೆ

ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ? ಹೆಚ್ಚಿನ ದಿನ ಮನಸ್ಸು ಕುಗ್ಗಿ, ಭರವಸೆಯಿಲ್ಲದಂತೆ ಅನ್ನಿಸಿತೇ? ಇವೆರಡರಲ್ಲಿ ಒಂದಕ್ಕೆ ಹೌದೆಂದರೂ ಖಿನ್ನತೆಯ ತಪಾಸಣೆ ಮಾಡಿಸಬೇಕು. ‘ಈ ಹೊಟ್ಟೆ ಇಟ್ಟುಕೊಂಡು ಬದುಕುವುದಕ್ಕಿಂತ ಸಾಯುವುದೇ ಮೇಲು’ ಎಂಬ ಮಾತು ಬೇಸರದ ಮಾತಾಗಿ ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಮನೆಯವರು ಅದನ್ನು ಕೇಳಿ ಸುಮ್ಮನಾಗದೆ, ನಿಜವಾಗಿ ಹಾಗೆ ಅನ್ನಿಸುತ್ತಿದೆಯೇ ಎಂದು ನೇರವಾಗಿಯೇ ವಿಚಾರಿಸಬೇಕು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನವಿದೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯೂ ಸೇರಿದಂತೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಒದಗಿಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯೇ. ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ಸಿಕ್ಕಾರೆಂಬ ಅಳುಕಿದ್ದರೆ ಮೊದಲು ಫೋನಿನಿಂದ ಶುರುಮಾಡಿ.

ಮನೆಯವರಿಗೆ

ನೋವನ್ನು ನಂಬಿ, ಆದರೆ ದಿನಕ್ಕೆ ಹತ್ತು ಸಲ “ಹೊಟ್ಟೆ ಹೇಗಿದೆ” ಎಂದು ಕೇಳಬೇಡಿ. ಬದಲಿಗೆ “ಸಂಜೆ ಕೆರೆಯ ಕಡೆ ಹೋಗೋಣವಾ” ಎಂದು ಕೇಳಿ. ಕೂಡುಕುಟುಂಬದ ಸೊಸೆಗೆ ಬೇರೆ ಅಡುಗೆ ಮಾಡಿಕೊಳ್ಳುವುದೂ ಬೆಳಿಗ್ಗೆ ಶೌಚಾಲಯಕ್ಕೆ ಹೆಚ್ಚು ಹೊತ್ತು ಹೋಗುವುದೂ ಎರಡೂ ಚರ್ಚೆಯ ವಿಷಯವಾಗುತ್ತವೆ. ಒಗ್ಗರಣೆಗೆ ಮುಂಚೆ ಅವರ ಪಾಲಿನ ಬೇಳೆಯನ್ನು ತೆಗೆದಿಡಲು ಅತ್ತೆಯೇ ಮುಂದಾದರೆ, ಬೆಳಗಿನ ಅರ್ಧ ಗಂಟೆಯನ್ನು ಯಾರೂ ಬಾಗಿಲು ತಟ್ಟದ ಹೊತ್ತೆಂದು ಮನೆಯಲ್ಲೇ ತೀರ್ಮಾನಿಸಿದರೆ, ಅರ್ಧ ಚಿಕಿತ್ಸೆ ಮನೆಯೊಳಗೇ ಆದಂತೆ. ಗಂಡಸರು ಈ ಕಾಯಿಲೆಯನ್ನು ಸ್ನೇಹಿತರ ಮುಂದೆ ಒಪ್ಪಿಕೊಳ್ಳದೆ ಚಹಾ, ಸಿಗರೇಟಿನಲ್ಲಿ ಕಳೆಯುವುದು ಹೆಚ್ಚು. ಅವರಿಗೆ ಸಲಹೆಗಿಂತ ಜೊತೆಗೆ ಆಸ್ಪತ್ರೆಗೆ ಬರುವ ಒಬ್ಬರು ಬೇಕು.

ಮತ್ತೆ ಕೆರಳಿದಾಗ

ಕೆರಳುತ್ತದೆ. ಪರೀಕ್ಷೆ, ಮದುವೆ ಓಡಾಟ, ಸಾಲದ ಕಂತು, ಜ್ವರ, ಮುಟ್ಟು, ಯಾವುದೇ ನೆಪ ಸಾಕು. ಅಂಥ ದಿನ ಹತ್ತಿದ ಮೆಟ್ಟಿಲುಗಳನ್ನೆಲ್ಲ ಬಿಟ್ಟು ಕೆಳಗಿಳಿಯದೆ, ಒಂದೇ ಮೆಟ್ಟಿಲು ಹಿಂದೆ ಬನ್ನಿ: ಚಿತ್ರದುರ್ಗದ ಪ್ರಯಾಣ ಆಗದಿದ್ದರೆ ಹರಿಹರದವರೆಗೆ, ಪೂರ್ತಿ ದಿನದ ಕೆಲಸ ಆಗದಿದ್ದರೆ ಅರ್ಧ ದಿನ. ಊಟವನ್ನು ಸಣ್ಣದು ಮಾಡಿ, ಬಿಡಬೇಡಿ. ಉಸಿರಾಟದ ಅಭ್ಯಾಸವನ್ನು ಎರಡರ ಬದಲು ನಾಲ್ಕು ಸಲ ಮಾಡಿ. ಮೂರು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಮೇಲೆ ಹೇಳಿದ ಅಪಾಯದ ಲಕ್ಷಣ ಹೊಸದಾಗಿ ಕಂಡರೆ, ನಿಮ್ಮ ಅದೇ ವೈದ್ಯರ ಬಳಿ ಹೋಗಿ. ಹೋಗುವಾಗ ವರದಿಗಳ ಇಡೀ ಚೀಲ ಬೇಡ. ಒಂದು ಹಾಳೆ ಸಾಕು: ಕಾಯಿಲೆಗೆ ಅವರು ಕೊಟ್ಟ ಹೆಸರು, ಈಗಿನ ಮಾತ್ರೆಗಳು, ಮಲದ ಸ್ವರೂಪದ ಸಂಖ್ಯೆ, ನಿದ್ದೆಯ ಗಂಟೆ, ಮತ್ತು ಈ ತಿಂಗಳು ಹೊಟ್ಟೆಯ ಭಯದಿಂದ ನೀವು ಬಿಟ್ಟ ಮೂರು ಕೆಲಸ, ಭಯವಿದ್ದರೂ ಮಾಡಿದ ಮೂರು ಕೆಲಸ.